ಬಾಗಿಲ ಹಿಂದಿನ ಪಿನ್ನು

ನಮ್ಮ ಮನೆಯ ಮುಂಬಾಗಿಲು ತಾನಾಗಿ ನಿಲ್ಲುವ ಜಾತಿಯದಲ್ಲ. ಮನೆ ಕಟ್ಟಿದ ಗೌಂಡಿ ಚೌಕಟ್ಟನ್ನು ಒಂದು ಕಡೆಗೆ ವಾಲಿಸಿಯೇ ಕೂರಿಸಿಬಿಟ್ಟಿದ್ದ. ತೆರೆದಿಟ್ಟರೆ ಮುಚ್ಚಿಕೊಳ್ಳುತ್ತದೆ, ಮುಚ್ಚಿದರೆ ಗಾಳಿಗೆ ಗಲಗಲ ಅನ್ನುತ್ತದೆ. ಗುಲ್ಬರ್ಗಾದ ಬೇಸಿಗೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವುದು ಆಗದ ಮಾತು. ಅದಕ್ಕೇ ಬಾಗಿಲ ಹಿಂದೆ ಒಂದು ಕಬ್ಬಿಣದ ಪಿನ್ನು ಇಟ್ಟುಕೊಂಡಿದ್ದೆ. ಪಿನ್ನು ಎಂದೊಡನೆ ಸೀರೆಯ ಸೆರಗಿಗೆ ಚುಚ್ಚುವ ಪಿನ್ನು ಅಂದುಕೊಳ್ಳಬೇಡಿ. ಇದು ಗೇಣುದ್ದದ್ದು, ಹೆಬ್ಬೆರಳಿಗಿಂತ ದಪ್ಪ, ಮೇಲೆ ಹಿಡಿಯಲು ಬಾಗಿಸಿದ ಕಬ್ಬಿಣದ ಹಿಡಿಕೆ, ಕೆಳಗೆ ಒಂದು ಸಣ್ಣ ತೂತು. ಟ್ರ್ಯಾಕ್ಟರಿಗೂ ಅದರ ಹಿಂದಿನ ಟ್ರ್ಯಾಲಿಗೂ ಗಂಟು ಹಾಕುವ ಪಿನ್ನು.

ಹೋದ ವಾರ ನೆಲೋಗಿಯಿಂದ ಅಣ್ಣನ ಸೊಸೆ ಶಿವಲೀಲಾ ಹಲ್ಲು ತೋರಿಸಿಕೊಳ್ಳಲು ಬಂದಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ, ಕೈ ತುಂಬ ಹಸಿರು ಬಳೆ. ಸುಮ್ಮನೆ ಕೂರುವ ಸ್ವಭಾವ ಅವಳದಲ್ಲ. ಕಸ ಗುಡಿಸುತ್ತೇನೆಂದು ಪೊರಕೆ ಹಿಡಿದು ಬಾಗಿಲ ಹಿಂದೆ ಹೋದವಳು ಪಿನ್ನನ್ನು ಎಡವಿದಳು.

"ಇದೇನ್ರಿ ಅತ್ತಿ, ಇಷ್ಟ ವಜ್ಜ ಅದ?" ಎಂದು ಭಾರಕ್ಕೆ ಎರಡೂ ಕೈ ಹಚ್ಚಿ ಎತ್ತಿ ಹಿಡಿದಳು.

"ಬಾಗಿಲಕ್ಕ ಇಟ್ಟೀನಿ. ಅಲ್ಲೇ ಇಡು."

ಇಡಲಿಕ್ಕೆ ಬಾಗಿದಾಗ ಅದು ಕಿಟಕಿಯ ಸರಳಿಗೆ ತಾಕಿತು. ಠಣ್ ಠಣ್, ಎರಡು ಸಲ. ನಾನು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಈ ಸದ್ದಿಗೆ ನೆಲೋಗಿಯ ನಮ್ಮ ಮನೆಯಲ್ಲಿ ಒಂದು ಅರ್ಥವಿತ್ತು. ಒಂದು ಬಡಿತಕ್ಕೆ 'ಬಾ', ಎರಡು ಬಡಿತಕ್ಕೆ 'ನಿಲ್ಲು'. ಆ ಅರ್ಥ ಗೊತ್ತಿದ್ದವರು ಇಬ್ಬರು, ಇಬ್ಬರೂ ಈಗಿಲ್ಲ. ನೋಡುತ್ತಿದ್ದ ನಾನೊಬ್ಬಳು ಉಳಿದಿದ್ದೇನೆ.

ಇಬ್ಬರಲ್ಲಿ ಒಬ್ಬ ನಮ್ಮ ಕಾಕಾ, ಅಪ್ಪನ ಕಿರಿಯ ತಮ್ಮ. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಟ್ರಕ್ಕಿನ್ಯಾಗ ಜಾಗಾ ಇಲ್ರಿ" ಎನ್ನುತ್ತಿದ್ದ. ಹರೆಯದಲ್ಲಿ ಆತ ಟ್ರಕ್ ಡ್ರೈವರ್. ಆಳಂದದ ಆಚೆ ಖಜೂರಿ ದಾಟಿ ಸೊಲ್ಲಾಪುರದವರೆಗೆ ತೊಗರಿ ಒಯ್ಯುವುದು, ಬರುವಾಗ ಸಿಕ್ಕ ಸಾಮಾನು ತುಂಬುವುದು. ಕೆಲವು ಕಾಲ ಟ್ರಕ್ಕಿನ ಹಿಂದೆ ಇನ್ನೊಂದು ಟ್ರ್ಯಾಲಿ ಕಟ್ಟಿಕೊಂಡು ನೆಲಕ್ಕೆ ಹಾಸುವ ಫರ್ಸಿಕಲ್ಲನ್ನೂ ಎಳೆದನಂತೆ. ಅಪ್ಪ ಟ್ರ್ಯಾಕ್ಟರ್ ಕೊಂಡಾಗ, ಹೊರಗಿನವರ ಕೈಗೆ ಯಾಕೆ ಎಂದು ತಮ್ಮನನ್ನು ನೆಲೋಗಿಗೆ ಕರೆಸಿಕೊಂಡ. ಎಪ್ಪತ್ತರ ದಶಕದ ಮಾತು ಇದು. ಊರಿಗೆ ಬಂದ ಮೊದಲ ಟ್ರ್ಯಾಕ್ಟರುಗಳಲ್ಲಿ ನಮ್ಮದೂ ಒಂದು. ಅದನ್ನು ನೋಡಲು ಬಂದವರಿಗೆ ಚಹಾ ಕಾಸಿ ಕಾಸಿ ಅವ್ವನಿಗೆ ಟ್ರ್ಯಾಕ್ಟರಿನ ಮೇಲೇ ಸಿಟ್ಟು ಬಂದಿತ್ತು.

ಕಾಕಾನ ಹೊರಡುವ ರೀತಿ ನೋಡುವಂತಿರುತ್ತಿತ್ತು. ಎಷ್ಟೇ ಅವಸರವಿರಲಿ, ಟ್ರ್ಯಾಲಿಯನ್ನು ಒಂದು ಸುತ್ತು ಹಾಕದೆ ಹತ್ತುತ್ತಿರಲಿಲ್ಲ. ಪಿನ್ನಿನ ಕೆಳತುದಿಯ ತೂತಿನಲ್ಲಿ ತಂತಿ ಇದೆಯೇ, ಪಿನ್ನು ಹಾರಿದರೂ ಟ್ರ್ಯಾಲಿ ಹೋಗದಂತೆ ಕಟ್ಟಿದ ಸರಪಳಿ ಸರಿಯಾಗಿದೆಯೇ, ಗಾಲಿಯಲ್ಲಿ ಗಾಳಿ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡುವವನು. ಕೊನೆಗೆ ಟ್ರ್ಯಾಲಿಯ ಮುಂದೆ ಚಾಚಿಕೊಂಡ ದಾಂಡಿಯ ಮೇಲೆ ಕಾಲಿಟ್ಟು ಒಮ್ಮೆ ಒತ್ತುತ್ತಿದ್ದ. ದಾಂಡಿ ಭಾರವಾಗಿ ಕೆಳಗೆ ಕೂತಿದ್ದರೆ ಸರಿ. ಮೇಲೆ ಎದ್ದು ಆಡುತ್ತಿದ್ದರೆ ಚೀಲಗಳನ್ನೆಲ್ಲ ಮತ್ತೆ ಇಳಿಸಿ ಮುಂದಕ್ಕೆ ಪೇರಿಸಬೇಕು. ನಮ್ಮದು ಎರಡೇ ಗಾಲಿಯ ಟ್ರ್ಯಾಲಿ. ಗಾಲಿಗಿಂತ ಹಿಂದೆ ಭಾರ ಹೆಚ್ಚಾದರೆ ಮುಂದಿನ ದಾಂಡಿ ಮೇಲೇಳುತ್ತದೆ, ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನೂ ನೆಲದಿಂದ ಎತ್ತಲು ನೋಡುತ್ತದೆ. ಸಪಾಟು ದಾರಿಯಲ್ಲಿ ಹೇಗೋ ನಡೆದೀತು, ಏರಿನಲ್ಲಿ ನಡೆಯುವುದಿಲ್ಲ.

ಇದೇನು ಕಾಕಾ ಒಬ್ಬನಿಗೇ ಗೊತ್ತಿದ್ದ ವಿದ್ಯೆಯಲ್ಲ. ಎತ್ತಿನ ಬಂಡಿ ಹೂಡಿದ ಯಾವ ಮನುಷ್ಯನಿಗೂ ಗೊತ್ತು. ಬಂಡಿ ಹಿಂಭಾರವಾದರೆ ನೊಗ ಎದ್ದು ಎತ್ತಿನ ಕುತ್ತಿಗೆಗೆ ಉರುಳಾಗುತ್ತದೆ. ಅಪ್ಪನೇ ಎಷ್ಟೋ ಸಲ ಜೋಳದ ಚೀಲ ಸರಿಸಿದ್ದನ್ನು ನಾನು ಕಂಡಿದ್ದೇನೆ. ನಾನಂತೂ ಮುಂದೆ ಹೈಸ್ಕೂಲಿನ ವಿಜ್ಞಾನದ ಟೀಚರಾಗಿ, ನಿವೃತ್ತಿಯಾಗುವವರೆಗೆ ಬೋರ್ಡಿನ ಮೇಲೆ ಸನ್ನೆಕೋಲು ಬರೆದು, ಭಾರ ಇಲ್ಲಿದ್ದರೆ ಏನಾಗುತ್ತದೆ, ಅಲ್ಲಿದ್ದರೆ ಏನಾಗುತ್ತದೆ ಎಂದು ಮಕ್ಕಳ ತಲೆ ತಿಂದವಳು. ಮಕ್ಕಳೂ ಸರಿಯಾಗಿಯೇ ಉತ್ತರ ಬರೆದರು. ಗೊತ್ತಿಲ್ಲದೆ ಆದದ್ದಾಗಿದ್ದರೆ ನನಗೆ ಇಷ್ಟು ಸಂಕಟವಿರುತ್ತಿರಲಿಲ್ಲ.

ಇಬ್ಬರಲ್ಲಿ ಇನ್ನೊಬ್ಬಳು ವೈನಿ, ಅಣ್ಣನ ಹೆಂಡತಿ. ಖಜೂರಿಯವಳು. ಅವಳ ತಂದೆಗೆ ರಸ್ತೆ ಬದಿಯಲ್ಲಿ ಚಹಾದ ಹೋಟೆಲ್ ಇತ್ತು. ಗಡಿ ದಾಟುವ ಟ್ರಕ್ಕುಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಆಟಕ್ಕೆ ಗೊಂಬೆಗಿಂತ ಹೆಚ್ಚಾಗಿ ಟ್ರಕ್ಕು ಕಂಡು ಬೆಳೆದ ಹುಡುಗಿ. ಯಾವ ಟ್ರಕ್ ಎಷ್ಟು ತುಂಬಿಕೊಂಡಿದೆ, ಯಾವುದರ ಗಾಲಿಯ ಮೇಲಿನ ಸ್ಪ್ರಿಂಗಿನ ಪಾಟಾ ಮುರಿಯಲು ಬಂದಿದೆ ಎಂದು ಹೋಟೆಲಿನ ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದಳಂತೆ. ಕಾಕಾ ಅಲ್ಲಿ ಚಹಾಕ್ಕೆ ನಿಂತಾಗಲೆಲ್ಲ "ಡ್ರೈವರ್ ಕಾಕಾ, ಇವತ್ತ ಏನ್ ತುಂಬೀರಿ?" ಎಂದು ಓಡಿ ಬರುವುದು, ಆತ ಟ್ರಕ್ ಹಿಂದಕ್ಕೆ ತೆಗೆಯುವಾಗ ಕ್ಲೀನರನ ಹಾಗೆ ಪಕ್ಕದ ಹಲಗೆ ಬಡಿಯುವುದು. ಒಂದು ಬಡಿದರೆ ಬಾ, ಎರಡು ಬಡಿದರೆ ನಿಲ್ಲು. ಆಗಿನಿಂದ ಬಂದ ಲೆಕ್ಕ ಅದು. ಅಣ್ಣನಿಗೆ ಹೆಣ್ಣು ನೋಡುವಾಗ, "ಖಜೂರಿಯಾಗ ಒಂದು ಹುಡುಗಿ ಅದ, ಭಾಳ ಶಾಣೇಕಿ" ಎಂದು ಹೇಳಿದವನೂ ಕಾಕಾನೇ.

ಆದರೆ ಸೊಸೆಯಾಗಿ ಬಂದ ಮೇಲೆ ಅವಳು ಕಾಕಾನ ಜೊತೆ ಮಾತಾಡುವಂತಿರಲಿಲ್ಲ. ಆತ ಈಗ ಡ್ರೈವರ್ ಕಾಕಾ ಅಲ್ಲ, ಸಣ್ಣ ಮಾವ. ನಮ್ಮ ಮನೆಗಳಲ್ಲಿ ಸೊಸೆ ಮಾವನೆದುರು ಸೆರಗು ಮುಂದಕ್ಕೆಳೆದು ನಿಲ್ಲಬೇಕು, ಸರಿಸಮ ಕೂರಬಾರದು, ದನಿ ಎತ್ತಬಾರದು. ಕಾಕಾ ಅಂಗಳಕ್ಕೆ ಬಂದರೆ ಇವಳು ಬಾಗಿಲ ಮರೆಗೆ. ಇವಳು ನೀರಿಗೆ ಹೊರಟರೆ ಆತ ಗೋಡೆಯ ಕಡೆ ಮುಖ. ಬೆರಳು ಹಿಡಿದು ಬೆಲ್ಲ ಬೇಡಿದ್ದ ಹುಡುಗಿ ಅದೇ ಮನುಷ್ಯನಿಗೆ ಊಟ ಬಡಿಸುವಾಗ, "ಮಾಮಾಗ ಇನ್ನೊಂದು ರೊಟ್ಟಿ ಬೇಕೇನ ಕೇಳ ತಂಗಿ" ಎಂದು ನನ್ನ ಮೂಲಕ ಕೇಳುತ್ತಿದ್ದಳು. ಆತ ಎದುರಿಗೇ ಕೂತು, "ಸಾಕಂತ ಹೇಳು" ಎನ್ನುತ್ತಿದ್ದ. ನಡುವೆ ನಾನು ಅಂಚೆಯಣ್ಣ. ಕಾಲೇಜಿಗೆ ಹೋಗುತ್ತಿದ್ದ ನನಗೆ ಇದು ದೊಡ್ಡ ತಮಾಷೆಯಾಗಿತ್ತು. ಒಮ್ಮೆ ಬೇಕೆಂದೇ, "ವೈನಿ ನಾಕು ರೊಟ್ಟಿ ಹಾಕ್ಕೊಬೇಕಂತಾಳ" ಎಂದು ಸುಳ್ಳು ಹೇಳಿ ಕಾಕಾನ ಹೊಟ್ಟೆ ಬಿರಿಯುವಂತೆ ತಿನ್ನಿಸಿದ್ದೆ.

ಮಾತು ನಿಂತಿತು, ಬಡಿತ ನಿಲ್ಲಲಿಲ್ಲ. ಟ್ರ್ಯಾಲಿ ಜೋಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಡ್ರೈವರ್ ಟ್ರ್ಯಾಕ್ಟರನ್ನು ಹಿಂದಕ್ಕೆ ತರಬೇಕು, ದಾಂಡಿಯ ತೂತಿಗೆ ಟ್ರ್ಯಾಕ್ಟರಿನ ತೂತು ಸರಿಯಾಗಿ ಕೂಡಿದಾಗ ಹಿಂದೆ ನಿಂತವರು ಪಿನ್ನು ಹಾಕಬೇಕು. ಗಂಡಸರೆಲ್ಲ ಹೊಲಕ್ಕೆ ಹೋದ ಹೊತ್ತಿನಲ್ಲಿ ಕಾಕಾ ಬರಿಯ ಟ್ರ್ಯಾಕ್ಟರ್ ತಂದು ಅಂಗಳದಲ್ಲಿ ಗುರುಗುಟ್ಟಿಸುತ್ತಿದ್ದ. ಯಾರನ್ನೂ ಕರೆಯುತ್ತಿರಲಿಲ್ಲ. ವೈನಿ ಸೆರಗೆಳೆದುಕೊಂಡು ಬಂದು ಪಿನ್ನು ಕೈಗೆತ್ತಿಕೊಳ್ಳುತ್ತಿದ್ದಳು. ದಾಂಡಿಗೆ ಠಣ್. ಟ್ರ್ಯಾಕ್ಟರ್ ಒಂದಿಷ್ಟು ಹಿಂದಕ್ಕೆ. ಮತ್ತೆ ಠಣ್. ಇನ್ನೊಂದಿಷ್ಟು. ಆಮೇಲೆ ಠಣ್ ಠಣ್, ಟ್ರ್ಯಾಕ್ಟರ್ ಅಲ್ಲೇ ಕಲ್ಲಿನಂತೆ ನಿಲ್ಲುವುದು. ಆತ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಅವಳು ನಿಲ್ಲು ಅಂದರೆ ನಿಲ್ಲುವುದು, ಅಷ್ಟೇ. ಅವಳಷ್ಟು ಸರಿಯಾಗಿ ಜೋಡಿಸುವವರು ಊರಲ್ಲೇ ಇಲ್ಲ ಎಂದು ಕಾಕಾ ನನ್ನ ಹತ್ತಿರ ಹೇಳುತ್ತಿದ್ದ. ನಾನು ಅದನ್ನು ವೈನಿಗೆ ಮುಟ್ಟಿಸುತ್ತಿದ್ದೆ. ಅವಳು ಸೆರಗಿನೊಳಗೇ ನಗುತ್ತಿದ್ದಳು.

ನನ್ನ ಅಕ್ಕನನ್ನು ಇಜೇರಿಗೆ ಕಳಿಸುವ ದಿನ ಬಂತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ಬರಿಗೈಯಲ್ಲಿ ಕಳಿಸುವುದುಂಟೇ? ತೊಟ್ಟಿಲು, ಜೋಳದ ಚೀಲಗಳು, ತೊಗರಿಬೇಳೆ, ಕುಸುಬಿ ಎಣ್ಣೆಯ ಡಬ್ಬಿ, ಹಾಸಿಗೆ, ಹಂಡೆ. ಜೊತೆಗೆ ಕಳಿಸಿ ಬರಲು ಅಪ್ಪ, ಓಣಿಯ ಹಿರಿಯರು ಕೆಲವರು, ನಾನು, ವೈನಿ, ಪಕ್ಕದ ಮನೆಗಳ ಸೊಸೆಯರು. ಅಣ್ಣ ಬೆಳಗಿನ ಬಸ್ಸಿಗೇ ಮುಂದೆ ಹೋಗಿದ್ದ, ಬೀಗರ ಮನೆಯಲ್ಲಿ ಏರ್ಪಾಡು ನೋಡಲು.

ಕಾಕಾ ಚೀಲಗಳನ್ನೆಲ್ಲ ಟ್ರ್ಯಾಲಿಯ ಮುಂಭಾಗಕ್ಕೆ ಪೇರಿಸಿ, ದಾಂಡಿ ತುಳಿದು ನೋಡಿ, ಸ್ನಾನಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಎಲ್ಲ ಅದಲು ಬದಲಾಗಿತ್ತು. ಹಿರಿಯರು ಕೂರಲು ಮುಂದೆ ಜಾಗ ಬೇಕಲ್ಲ! ಹಿಂದೆ ಕೂತರೆ ಕುಲುಕಾಟ, ಧೂಳು. ಮೇಲಾಗಿ ಹಿರಿಯರು ಹಿಂದೆ ಕೂರುವುದೆಂದರೇನು? ಅಪ್ಪ ಆಳುಗಳಿಗೆ ಹೇಳಿ ಚೀಲಗಳನ್ನು ಹಿಂದಕ್ಕೆ ಹಾಕಿಸಿ, ಮುಂದೆ ಗಾದಿ ಹಾಸಿಸಿ, ನಡುವೆ ತೊಟ್ಟಿಲು ನಿಲ್ಲಿಸಿದ್ದ. ಹಿರಿಯರು ಗಾದಿಯ ಮೇಲೆ ಕೂತರು. ಅವರ ಪಕ್ಕಕ್ಕೆ ಅಕ್ಕ, ಅವಳ ಮಡಿಲಲ್ಲಿ ಕೂಸು, ಆಮೇಲೆ ನಾನು. ನಾವು ಮನೆಯ ಹೆಣ್ಣುಮಕ್ಕಳು, ಅಪ್ಪನ ತೊಡೆಗೆ ತೊಡೆ ಹಚ್ಚಿ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಸೊಸೆಯರು ಸೆರಗು ಎಳೆದುಕೊಂಡು ತೊಟ್ಟಿಲ ಮರೆಗೆ, ಚೀಲಗಳ ಹಿಂದೆ, ಕಟ್ಟಕಡೆಯ ಹಲಗೆಗೆ ಬೆನ್ನು ಹಚ್ಚಿ ಗುಬ್ಬಚ್ಚಿಗಳಂತೆ ಮುದುಡಿ ಕೂತರು.

ಎತ್ತಿನ ಬಂಡಿಯ ಕಾಲದಲ್ಲಿ ಈ ತೊಡಕು ಇರಲಿಲ್ಲ ಎಂದು ಆಮೇಲೆ ನನಗೆ ಎಷ್ಟೋ ಸಲ ಅನಿಸಿದೆ. ಹೆಂಗಸರಿಗೊಂದು ಬಂಡಿ, ಗಂಡಸರಿಗೊಂದು ಬಂಡಿ. ಅವರವರ ಬಂಡಿಯಲ್ಲಿ ಅವರವರು ಹೇಗೆ ಬೇಕೋ ಹಾಗೆ ಸರಿದುಕೊಳ್ಳುತ್ತಿದ್ದರು. ಟ್ರ್ಯಾಕ್ಟರ್ ಬಂದು ಮಾವ ಸೊಸೆಯರನ್ನು ಒಂದೇ ಟ್ರ್ಯಾಲಿಗೆ ಹಾಕಿತು. ಗಾಡಿ ಹೊಸದು, ಕೂರುವ ರೀತಿ ಹಳೆಯದು. ಎಲ್ಲಿ ಎಷ್ಟು ಭಾರ ಬೀಳಬೇಕು ಎಂದು ನಮ್ಮಲ್ಲಿ ಮರ್ಯಾದೆಯೇ ತೀರ್ಮಾನ ಮಾಡಿಬಿಡುತ್ತಿತ್ತು.

ಎಲ್ಲ ಮುಂಚೆಯೇ ನೋಡಿಯಾಗಿದೆಯಲ್ಲ ಎಂದು ಕಾಕಾ ಬಂದವನೇ ನೇರ ಹತ್ತಿದ. ಟ್ರ್ಯಾಕ್ಟರ್ ಒಂದಿಷ್ಟು ಮುಂದಕ್ಕೆ ಹೋಗಿದೆಯೋ ಇಲ್ಲವೋ, ಹಿಂದಿನಿಂದ ಹಲಗೆಯ ಮೇಲೆ ಎರಡು ಬಡಿತ ಬಿದ್ದವು. ಟ್ರ್ಯಾಕ್ಟರ್ ನಿಂತಿತು.

"ಯಾಕ ನಿಂತಿ?" ಎಂದ ಅಪ್ಪ.

ಕಾಕಾ ಇಳಿದ. ಪಿನ್ನು ನೋಡಿದ, ತಂತಿ ನೋಡಿದ, ಸರಪಳಿ ಜಗ್ಗಿ ನೋಡಿದ, ಗಾಲಿ ಒದ್ದು ನೋಡಿದ. ಎಲ್ಲ ಸರಿಯಿತ್ತು. ಆಮೇಲೆ ದಾಂಡಿಯ ಮೇಲೆ ಕಾಲಿಟ್ಟ. ಅದು ಅವನ ಕಾಲಿನ ಕೆಳಗೆ ಇಳಿದು, ಕಾಲು ತೆಗೆದೊಡನೆ ಮೇಲೆದ್ದಿತು. ತಲೆ ಎತ್ತಿ ಟ್ರ್ಯಾಲಿಯ ಹಿಂಬದಿಗೆ ನೋಡಿದ. ವೈನಿಯ ಮುಖ ಪೂರ್ತಿ ಸೆರಗಿನೊಳಗಿತ್ತು. ಬಡಿದ ಕೈ ಇನ್ನೂ ಹಲಗೆಯ ಮೇಲಿತ್ತು. ಮಾವನಿದ್ದಾನೆ, ಓಣಿಯ ಹಿರಿಯರಿದ್ದಾರೆ. ಅವಳು ಬಡಿಯಬಹುದಿತ್ತು, ಬಾಯಿ ಬಿಡುವಂತಿರಲಿಲ್ಲ.

"ಅಣ್ಣಾ, ಜರಾ ಭಾರ ಮುಂದ ತರಬೇಕಾಗ್ತದ" ಎಂದ ಕಾಕಾ. "ಹಿಂಭಾರ ಆಗ್ಯಾದ. ಹಳ್ಳದ ಏರು ಅದ."

"ಚೀಲ ಮುಂದ ತಂದ್ರ ನಾವೆಲ್ಲಿ ಕುಂದ್ರೂದಪಾ?"

"ಚೀಲ ಅಲ್ಲೇ ಇರ್ಲಿ. ಹಿಂದಿನವ್ರು ಯಾರರ ಮುಂದ ಬಂದ್ರೂ ಸಾಕು."

ಹಿಂದಿನವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸೊಸೆಯರನ್ನು ತಂದು ಹಿರಿಯರ ಗಾದಿಯ ಪಕ್ಕ ಕೂರಿಸುವ ಮಾತು ಅದು. ಆಮೇಲೆ ಅಪ್ಪ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, "ನಾವು ಭಾರ ಇಲ್ಲೇನು? ಕುಂತೀವಲ್ಲ ಮುಂದ" ಎಂದ. ಹಿರಿಯರೆಲ್ಲ ನಕ್ಕರು. ಅಕ್ಕ ನಕ್ಕಳು. ನಾನೂ ನಕ್ಕೆ, ಅಪ್ಪ ನಿಜವಾಗಿಯೂ ದಪ್ಪಗಿದ್ದ. ಕಾಕಾ ಒಬ್ಬನೇ ನಗಲಿಲ್ಲ. ಅಣ್ಣನ ಮಾತಿನ ಮೇಲೆ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಹತ್ತಿ ಕೂತು ಟ್ರ್ಯಾಕ್ಟರ್ ಬಿಟ್ಟ.

ದಾರಿಯುದ್ದಕ್ಕೂ ಹಾಡು ಹಾಡಿದೆವು. ಬಿಸಿಲು ಏರುತ್ತಿತ್ತು. ಹಳ್ಳಕ್ಕೆ ಇಳಿದಾಗ ನೀರು ಮೊಣಕಾಲಿಗೂ ಇರಲಿಲ್ಲ. ಆಚೆ ದಂಡೆಯ ಏರು ಕಡಿದಾಗಿತ್ತು, ಒಂದು ಬದಿಗೆ ಮಣ್ಣು ಕುಸಿದು ತಗ್ಗಾಗಿತ್ತು. ಟ್ರ್ಯಾಕ್ಟರ್ ಮೂಗೆತ್ತಿ ಏರತೊಡಗಿದೊಡನೆ ನಾವೆಲ್ಲ ಒಮ್ಮೆಲೇ ಹಿಂದಕ್ಕೆ ಜಾರಿದೆವು. ತೊಟ್ಟಿಲು ಜಾರಿತು. ಆಗ ಮತ್ತೆ ಬಡಿತ ಕೇಳಿತು. ಎರಡು, ಮತ್ತೆ ಎರಡು, ಮತ್ತೆ ಎರಡು. ಅದರ ಜೊತೆಗೆ ಗಾಜು ಒಡೆಯುವ ಸದ್ದು. ವೈನಿ ಬರಿಗೈಯಿಂದ ಹಲಗೆ ಬಡಿಯುತ್ತಿದ್ದಳು. ಪಕ್ಕದವಳೊಬ್ಬಳು, "ಬಳಿ ಒಡ್ಕೊಂತಿ ನೋಡ ಬೇ, ಮುತ್ತೈದಿ ಇದ್ದಾಕಿ" ಎಂದು ಗದರಿಸಿದಳು. ಅಪ್ಪ ಮುಂದಿನಿಂದ, "ನಿಲ್ಲಿಸಬ್ಯಾಡ, ಹೊಡಿ" ಎಂದು ಕೂಗುತ್ತಿದ್ದ.

ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನೆಲದ ಮೇಲೆ ಸುಮ್ಮನೆ ಗರಗರ ತಿರುಗಿದವು. ಅವಕ್ಕೆ ಹಿಡಿತವೇ ಇರಲಿಲ್ಲ. ಇಡೀ ಗಾಡಿ ಹಿಂದಕ್ಕೆ ಜಾರಿ, ಅಡ್ಡ ತಿರುಗಿ, ಟ್ರ್ಯಾಲಿಯ ಒಂದು ಗಾಲಿ ತಗ್ಗಿಗೆ ಇಳಿಯಿತು. ಮಗುಚುವಾಗ ಮುಂದಿದ್ದ ನಮ್ಮನ್ನು ದಂಡೆಯ ಮಣ್ಣಿನ ಮೇಲೆ ಎಸೆಯಿತು. ಅಪ್ಪನ ಮುಂಗೈ ಮುರಿಯಿತು. ಕೂಸಿಗೆ ಒಂದು ತರಚು ಗಾಯ ಕೂಡ ಆಗಲಿಲ್ಲ. ಹಿಂದೆ ಕೂತವರಲ್ಲಿ ಒಬ್ಬಳ ಕಾಲು ಹೋಯಿತು. ವೈನಿಯ ಮೇಲೆ ಹಲಗೆ, ಹಲಗೆಯ ಮೇಲೆ ಜೋಳದ ಚೀಲಗಳು. ಅವನ್ನೆಲ್ಲ ತೆಗೆದಾಗ ಸೆರಗು ಅವಳ ಮುಖದ ಮೇಲೆ ಹಾಗೆಯೇ ಇತ್ತು. ನಾನು ಅದನ್ನು ಸರಿಸಿ ನೋಡಿದೆ. ಅದರ ಬಗ್ಗೆ ಇಷ್ಟು ಸಾಕು.

ಖಜೂರಿಯಿಂದ ಅವಳ ತಂದೆ ಬಂದರು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ, ಅಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದಾಗ, ಅವರು ಕಾಕಾನ ಮುಂದೆ ಬಂದು ನೆಲದ ಮೇಲೆ ಕೂತರು. ಆಯುಷ್ಯವೆಲ್ಲ ಟ್ರಕ್ಕಿನವರ ನಡುವೆ ಕಳೆದ ಮನುಷ್ಯ. ದೈವದ ಮಾತು ಅವರಿಗೆ ಬೇಕಿರಲಿಲ್ಲ.

"ಪಿನ್ ಹಾರಿತ್ತೇನ್ರಿ?" ಎಂದರು.

"ಇಲ್ರಿ."

"ಸರಪಳಿ ಇರಲಿಲ್ಲೇನು?"

"ಇತ್ರಿ. ಇನ್ನೂ ಹಾಂಗೇ ಅದ."

"ಮತ್ತ ಹ್ಯಾಂಗ ಆತು?"

ಕಾಕಾ ಅಪ್ಪನ ಕಡೆ ನೋಡಿದ. ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಳ್ಳುತ್ತಿದ್ದ. ಆ ತಂದೆ ಬಹಳ ಹೊತ್ತು ಕಾದು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಪಿನ್ನಾದರೂ ಮುರಿದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿದ್ದು ಆವತ್ತೇ. ಬೈಯಲಿಕ್ಕೆ ಒಂದು ಕಬ್ಬಿಣದ ತುಂಡಾದರೂ ಸಿಗುತ್ತಿತ್ತು. ಕಾಕಾ ಕೈ ಹಚ್ಚಿದ್ದು ಯಾವುದೂ ಕೈ ಕೊಟ್ಟಿರಲಿಲ್ಲ.

ಟ್ರ್ಯಾಲಿಯನ್ನು ಎತ್ತಿ ನಿಲ್ಲಿಸಿ, ಹಲಗೆ ಬಡಿದು ನೆಟ್ಟಗೆ ಮಾಡಿದರು. ಪಿನ್ನನ್ನು ಕಾಕಾ ತಾನೇ ತೆಗೆದುಕೊಂಡು ಹೋದ. ಟ್ರ್ಯಾಲಿಗೆ ಇನ್ನೊಂದು ಪಿನ್ನು ಬಂತು, ಓಡಿಸಲು ಇನ್ನೊಬ್ಬ ಬಂದ. ಆ ಬೇಸಿಗೆಯಲ್ಲೇ ಊರವರು ಒಂದು ಮದುವೆಗೆ ನಮ್ಮ ಟ್ರ್ಯಾಲಿ ಕೇಳಿಕೊಂಡು ಹೋದರು. ನಾನು ಮಾಳಿಗೆಯ ಮೇಲಿಂದ ನೋಡಿದೆ. ಹಿರಿಯರು ಮುಂದೆ ಕೂತಿದ್ದರು, ಸೊಸೆಯರು ಹಿಂದೆ. ವೈನಿಗಾಗಿ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದ ಹೆಂಗಸರೇ ಅವರು. ನಾನು ಒಳಗೆ ಹೋಗಿ ಮಲಗಿದೆ. ಮಾರನೆಯ ವರ್ಷ ಅಣ್ಣನಿಗೆ ಇನ್ನೊಂದು ಮದುವೆಯಾಯಿತು. ಹೊಸ ವೈನಿ ಒಳ್ಳೆಯವಳು. ಅವಳ ಮೇಲೆ ನನ್ನದೇನೂ ದೂರಿಲ್ಲ.

ಕೊನೆಗಾಲದಲ್ಲಿ ಕಾಕಾ ಗುಲ್ಬರ್ಗಾದಲ್ಲಿ ನನ್ನ ಹತ್ತಿರವೇ ಇದ್ದ. ಬರುವಾಗ ತಂದದ್ದು ಎರಡು ಧೋತರ, ಒಂದು ಚಾದರ, ಈ ಪಿನ್ನು. ಮನುಷ್ಯ ವಿಚಿತ್ರವಾಗಿದ್ದ. ನಾನು ಸೈಕಲ್ಲಿನ ಹಿಂದೆ ತರಕಾರಿ ಚೀಲ ಕಟ್ಟಿಕೊಂಡು ಬಂದರೆ ಬಿಚ್ಚಿ ಮುಂದಿನ ಹ್ಯಾಂಡಲಿಗೆ ತೂಗುಹಾಕುತ್ತಿದ್ದ. ಒಮ್ಮೆ ಜೇವರ್ಗಿ ಬಸ್ಸಿನಲ್ಲಿ, ಹಿಂದಿನ ಸೀಟಿನ ಹೆಂಗಸರಿಗೆಲ್ಲ, "ಮುಂದ ಬರ್ರಿ, ಮುಂದ ಜಾಗಾ ಅದ" ಎಂದು ಹೇಳಿ ಹೇಳಿ ಕಂಡಕ್ಟರನ ಕೈಯಲ್ಲಿ ಬೈಸಿಕೊಂಡ. "ಏ ಮುದುಕಾ, ಬಸ್ ನಿಂದೇನು?" ಎಂದ ಕಂಡಕ್ಟರ್. ಹೆಂಗಸರೂ ನಕ್ಕರು. ನಾನು ಅವನ ಕೈ ಹಿಡಿದು ಕೂರಿಸಿದೆ.

ಆ ಬಸ್ಸಿನಿಂದ ಇಳಿದು ಮನೆಗೆ ನಡೆಯುವಾಗಲೇ ಆತ ತಾನಾಗಿ ಹೇಳಿದ್ದು. ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ.

"ಕೇಳಿಸ್ತು ಮಗಳ."

"ಏನು?"

"ಏರಿನ್ಯಾಗ ಆಕಿ ಬಡದದ್ದು. ಇಂಜಿನ್ ಸಪ್ಪಳದಾಗ ಕೇಳಿಸಲಿಲ್ಲ ಅಂತ ಎಲ್ಲಾರೂ ತಿಳ್ಕೊಂಡಾರ. ಕೇಳಿಸ್ತು. ಆದ್ರ ಏರಿನ್ಯಾಗ ನಿಲ್ಲಸಾಕ ಬರಂಗಿಲ್ಲ. ನಿಲ್ಲಿಸಿದ್ರೂ ಹಿಂದಕ ಬರತಿತ್ತು." ನಮ್ಮ ಓಣಿಗೆ ತಿರುಗಿದ. "ನಿಲ್ಲಸೂದು ಮನಿ ಮುಂದ ಇತ್ತು."

ಆಮೇಲೆ ಹೆಚ್ಚು ದಿನ ಇರಲಿಲ್ಲ. ಹೋದ ಮೇಲೆ ಪಿನ್ನನ್ನು ಏನು ಮಾಡುವುದು ತಿಳಿಯದೆ ಬಾಗಿಲಿಗೆ ಇಟ್ಟೆ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ದೇವರ ಕೋಣೆಯಲ್ಲಿಡಲು ಅದು ದೇವರಲ್ಲ. ಬಾಗಿಲನ್ನಾದರೂ ಅದು ಚೆನ್ನಾಗಿ ನಿಲ್ಲಿಸುತ್ತಿತ್ತು.

ಇದನ್ನೆಲ್ಲ ನಾನು ಶಿವಲೀಲಾಳಿಗೆ ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ಅವಳು ಪಿನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟಳು, ಬಾಯಿಗೆ ಬಂತು. ಆ ಮನೆಯಲ್ಲಿ ತನಗಿಂತ ಮುಂಚೆ, ತನ್ನ ಅತ್ತೆಗಿಂತಲೂ ಮುಂಚೆ, ಇನ್ನೊಬ್ಬಳು ಸೊಸೆ ಇದ್ದಳೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಒಂದು ಫೋಟೋ ಕೂಡ ಅಲ್ಲಿ ಇಲ್ಲ. ಮುಗಿಯುವವರೆಗೆ ಬಾತುಕೊಂಡ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಮೊನ್ನಿ ನಾವು ಇಜೇರಿಗಿ ಹೋಗಿದ್ದೆವ್ರಿ, ಮದಿವಿಗೆ" ಎಂದಳು ಆಮೇಲೆ. "ಟ್ರ್ಯಾಲಿನ್ಯಾಗೇ. ನಾವು ಹೆಂಗಸ್ರು ಹಿಂದ ಕುಂತಿದ್ದೆವು. ಭಾಳ ಎತ್ತಿ ಒಗಿಯಾಕತ್ತಿತ್ರಿ. ನಾನು ಇವರ ಕಡಿಂದ ಹೇಳಿಸಿದೆ, ಹಿಂಭಾರ ಆಗ್ಯಾದಂತ."

"ಅಣ್ಣ ಏನಂದ?"

"ಮಾಮಾ ನಕ್ಕರ್ರಿ. ನಾವು ಭಾರ ಇಲ್ಲೇನು, ಕುಂತೀವಲ್ಲ ಮುಂದ, ಅಂದ್ರು."

ಅಣ್ಣ ಆ ದಿನ ಅಂಗಳದಲ್ಲಿರಲಿಲ್ಲ, ಬೆಳಗಿನ ಬಸ್ಸಿಗೆ ಹೋಗಿದ್ದ. ಅಪ್ಪನ ಆ ಮಾತನ್ನು ಅವನಿಗೆ ಯಾರೂ ಹೇಳಿಲ್ಲ, ಹೇಳುವವರು ಯಾರಿದ್ದರು? ಯಾರೂ ಕಲಿಸದೆಯೇ ಅದು ಅವನ ಬಾಯಿಗೆ ಬಂದಿತ್ತು. ಇವತ್ತಲ್ಲ ನಾಳೆ ಜನ ಬದಲಾಗುತ್ತಾರೆ ಎಂದು ಇಷ್ಟು ವರ್ಷ ಹುಡುಗರಿಗೆ ಪಾಠ ಹೇಳಿದವಳು ನಾನು. ಆ ನಂಬಿಕೆ ಅಲ್ಲಿಗೆ ಮುಗಿಯಿತು.

"ಏನರ ಆತೇನು ದಾರ್ಯಾಗ?" ಎಂದು ಕೇಳಿದೆ.

"ಏನೂ ಆಗಲಿಲ್ರಿ. ಆರಾಮ ಮುಟ್ಟಿದೆವು." ಪಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಅತ್ತಿ, ಬಡದ್ರ ನಿಲ್ಲಸ್ತಾರೇನ್ರಿ?"

ನಾನು ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ಮರುದಿನ ಊರಿಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲ ಹತ್ತಿರ ನಿಂತಳು.

"ಇದನ್ನ ನಾ ಒಯ್ಯಲ್ರಿ?"

"ಏನ್ ಮಾಡ್ತಿ ಒಯ್ದು?"

"ಚೀಲದಾಗ ಇರ್ಲ್ರಿ" ಎಂದಳು. "ಕೈಲೆ ಬಡದ್ರ ಬಳಿ ಒಡೀತಾವು."

ಬಾಗಿಲಿಗೆ ಈಗ ಒಂದು ಇಟ್ಟಿಗೆ ಇಟ್ಟಿದ್ದೇನೆ.